ನಲವತ್ತು ದಿನಕ್ಕೆ ಹೂಬಿಟ್ಟ ಶಿನಾ ಮರ

ಪುಸ್ತಕ ಓದಿ ಕೆಟ್ಟವರು ಲೋಕದಲ್ಲಿ ಕಡಿಮೆ. ಅರ್ಧ ಪುಸ್ತಕ ಓದಿ ಕೆಟ್ಟವರೇ ಹೆಚ್ಚು. ನಮ್ಮ ಪಕ್ಕದ ಮನೆಯ ತೋಗಾಶಿ ಶೋಸಾಕು ಈ ಎರಡನೆಯ ಪಂಗಡದವನು. ಆ ಪಂಗಡಕ್ಕೆ ಅಧ್ಯಕ್ಷರನ್ನು ಆರಿಸುವುದಾದರೆ ಅವಿರೋಧವಾಗಿ ಗೆಲ್ಲುತ್ತಿದ್ದ.

ಪೇಟೆಯ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಅಂಚೆಚೀಟಿ ಮಾರಿ ನಿವೃತ್ತನಾದ ಶೋಸಾಕು ನಲವತ್ತು ವರ್ಷದ ಹಿಂದೆ ನಮ್ಮೂರಿಗೆ ಬಂದದ್ದು ಮನೆಅಳಿಯನಾಗಿ. ನಮ್ಮದು ಶಿನಾ ಮರದ ಊರು. ಹೊರಗಿನವರು ಲಿಂಡನ್ ಎಂದು ಕರೆಯುವ ಜಾತಿಯ ಮರ ಅದು. ಎಲೆ ಹೃದಯದ ಆಕಾರ, ಹೂವಿಗೆ ಜೇನಿನ ವಾಸನೆ. ನಮಗೆ ಮಾತ್ರ ಎಲೆಯೂ ಬೇಡ, ಹೂವೂ ಬೇಡ, ತೊಗಟೆ ಬೇಕು. ಮಳೆಗಾಲ ಶುರುವಾಗಿ ಮರ ನೀರು ಕುಡಿದು ಕೊಬ್ಬಿರುವಾಗ ಗಂಡಸರು ಗುಡ್ಡ ಹತ್ತಿ, ಮರ ಕಡಿದು, ತೊಗಟೆ ಸುಲಿದು ತರುತ್ತಾರೆ. ಹೆಂಗಸರು ಅದರ ಒಳಪದರವನ್ನು ಬೂದಿನೀರಿನಲ್ಲಿ ಬೇಯಿಸಿ, ತೌಡಿನಲ್ಲಿ ಹುದುಗಿಸಿ, ಹೊಳೆಯಲ್ಲಿ ತೊಳೆದು, ಹಿಮ ಬೀಳುವ ತಿಂಗಳುಗಳಲ್ಲಿ ಸೀಳಿ ನೂಲು ಮಾಡಿ ಬಟ್ಟೆ ನೇಯುತ್ತೇವೆ. ಕಡಿದ ಬುಡ ತಾನಾಗಿ ಚಿಗುರುತ್ತದೆ. ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಅದೇ ಬುಡದ ಚಿಗುರು ಮತ್ತೆ ಮರವಾಗಿ ಕತ್ತಿಗೆ ಸಿದ್ಧವಾಗುತ್ತದೆ. ಹೀಗಾಗಿ ಅಜ್ಜ ಮುತ್ತಜ್ಜನ ಕಾಲದಿಂದ ಶಿನಾ ಮರವನ್ನೇ ನಂಬಿ ಬದುಕಿದ ಈ ಊರಿನಲ್ಲಿ ಶಿನಾ ಬೀಜ ಮೊಳೆತದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ಗುಡ್ಡದಲ್ಲಿ ಮನೆಗೊಂದು ಪಾಲು ಉಂಟು. ಸತತವಾಗಿ ಮೂರು ಮಳೆಗಾಲ ಒಂದು ಮನೆಯಿಂದ ಯಾರೂ ಗುಡ್ಡ ಹತ್ತದಿದ್ದರೆ ಆ ಪಾಲು ಊರಿಗೆ ಹೋಗುತ್ತದೆ. ಶೋಸಾಕುವಿನ ಮಾವ ತೀರಿಕೊಂಡ ವರ್ಷ ಆ ಮನೆಯಿಂದ ಯಾರೂ ಹೋಗಲಿಲ್ಲ. ಹೋಗಬೇಕಾದ ಗಂಡಸು ಮನೆಯಲ್ಲೇ ಇದ್ದ. ಕತ್ತಿ ಅತ್ತೆಯ ಹತ್ತಿರ ಇತ್ತು.

ಅತ್ತೆ ಕಿನು ಅಜ್ಜಿಗೆ ಎಂಬತ್ತೊಂಬತ್ತು ವರ್ಷ. ಅಳಿಯನಿಗೆ ಕತ್ತಿ ಕೊಡದಿರಲು ಆಕೆಗೆ ಗಟ್ಟಿ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಮಾವನ ಜೊತೆ ಗುಡ್ಡ ಹತ್ತಿದ ಶೋಸಾಕು, ಯಾರನ್ನೂ ಕೇಳದೆ, ಮೊದಲ ಏಟಿಗೇ ಒಂದು ಅರಗಿನ ಮರವನ್ನು ಕಡಿದಿದ್ದ. ಆ ಮರದ ವಿಷದ ಹಾಲು ಮುಖಕ್ಕೆ ಸಿಡಿದು, ಮುಖ ಊದಿ, ಹದಿನೈದು ದಿನ ಅವನ ಕಣ್ಣು ಎಲ್ಲಿದೆ, ಮೂಗು ಎಲ್ಲಿದೆ ಎಂದು ಹೆಂಡತಿ ತಮಿ ಕೈಯಿಂದ ತಡವಿ ಹುಡುಕಬೇಕಾಯಿತು. ಅಂದಿನಿಂದ ಅಜ್ಜಿಯ ತೀರ್ಪು ಒಂದೇ: "ಮರ ಗುರುತು ಹಿಡಿಯಕ್ಕೆ ಬರದೋರ ಕೈಗೆ ಕತ್ತಿ ಕೊಡಲ್ಲ."

ಆ ಶರತ್ಕಾಲದಲ್ಲಿ ನಾವು ಹೆಂಗಸರು ನೇಯ್ಗೆ ಮನೆಯಲ್ಲಿ ಮೂಲಂಗಿ ಉಪ್ಪಿನಕಾಯಿ ಕಡಿಯುತ್ತ ಚಹಾ ಕುಡಿಯುತ್ತಿದ್ದಾಗ ಶೋಸಾಕು ಒಂದು ದಪ್ಪ ಪುಸ್ತಕ ಹಿಡಿದು ಒಳಗೆ ಬಂದ. ಜೇಬಿನಿಂದ ಬಟಾಣಿಯಷ್ಟು ದೊಡ್ಡ ಬೂದು ಬಣ್ಣದ ಕಾಯಿಗಳನ್ನು ತೆಗೆದು ಮೇಜಿನ ಮೇಲೆ ಸುರಿದ.

"ಇವು ಶಿನಾ ಬೀಜ, ಮುನ್ನೂರು ಇವೆ. ಬರೋ ವಸಂತಕ್ಕೆ ಮುನ್ನೂರು ಸಸಿ. ಅತ್ತೆ, ಮರ ಗುರುತಿಲ್ಲ ಅಂತೀರಲ್ಲ, ಹುಟ್ಟಿದ ದಿನದಿಂದ ಸಾಕಿದೋನಿಗಿಂತ ಚೆನ್ನಾಗಿ ಯಾರಿಗೆ ಗುರುತಿರುತ್ತೆ?"

"ಅಳಿಯಂದ್ರೇ," ಎಂದಳು ಅಜ್ಜಿ, ನೂಲು ಸೀಳುವುದನ್ನು ನಿಲ್ಲಿಸದೆ, "ಮುನ್ನೂರು ಬೇಡ. ಒಂದು ಬೆಳೆಸಿ. ಕತ್ತಿ ನಿಮ್ದು."

ಅಲ್ಲಿದ್ದವರೆಲ್ಲ "ಎಂಥ ಒಳ್ಳೇ ಯೋಚನೆ" ಎಂದೆವು. ನಮ್ಮೂರಿನಲ್ಲಿ ಇದಕ್ಕೆ ಅರ್ಥವೇನೂ ಇಲ್ಲ. ಮನೆಗೆ ಬೆಂಕಿ ಬಿದ್ದವನಿಗೂ "ಒಳ್ಳೇ ಬೆಳಕು ಬಂತಲ್ಲ" ಎನ್ನುವಷ್ಟು ಮರ್ಯಾದಸ್ಥರು ನಾವು.

ವಸಂತ ಬಂತು, ಸಸಿ ಬರಲಿಲ್ಲ. ಶೋಸಾಕು ಬೀಜ ಬಿತ್ತಿದ್ದ ಅಂಗಳದ ಮಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೇ ತಿಂಗಳು ಪೂರ್ತಿ ಮಣ್ಣು ನೋಡಿದ. ನಂತರ ಪುಸ್ತಕದ ಅದೇ ಅಧ್ಯಾಯದ ಮುಂದಿನ ಪುಟ ತಿರುಗಿಸಿದ. ಅಲ್ಲಿತ್ತು: ಶಿನಾ ಬೀಜದ ಸಿಪ್ಪೆ ಬಲು ಗಟ್ಟಿ, ಅದು ಮೊಳೆಯುವ ಮೊದಲು ಎರಡು ಚಳಿಗಾಲ ನಿದ್ದೆ ಮಾಡುತ್ತದೆ. ಬೇರೆಯವರಾಗಿದ್ದರೆ ಪುಟ ತಿರುಗಿಸಲು ಎಂಟು ತಿಂಗಳು ತಡ ಮಾಡಿದ್ದಕ್ಕೆ ನಾಚುತ್ತಿದ್ದರು. ಶೋಸಾಕು ಸಂಶೋಧನೆ ಮಾಡಿದವನ ಮುಖ ಹೊತ್ತು ಹೊರಬಂದು ಮಡಿಯ ಪಕ್ಕ ಒಂದು ಹಲಗೆ ನೆಟ್ಟ: "ಬೀಜಗಳು ನಿದ್ದೆಯಲ್ಲಿವೆ. ದಯವಿಟ್ಟು ಮೆಲ್ಲಗೆ ನಡೆಯಿರಿ."

ನಾವು ಮೆಲ್ಲಗೆ ನಡೆದೆವು! ಎರಡನೆಯ ಮಳೆಗಾಲ ಆ ಮನೆಯ ಪಾಲಿಗೆ ಹಾಗೇ ಕಳೆಯಿತು, ನಾವು ತುದಿಗಾಲಿನಲ್ಲಿ ನಡೆಯುತ್ತಲೇ ಇದ್ದೆವು. ಗುಡ್ಡದ ಕೆಲಸದಲ್ಲಿ ಊರಿಗೇ ಮೊದಲಿಗನಾದ ಗೆಂಝೊ ತನ್ನ ಉಳುವ ಯಂತ್ರವನ್ನು ಆ ಮನೆಯ ಮುಂದೆ ಮಾತ್ರ ಆರಿಸಿ, ಬೆವರು ಸುರಿಸಿ ತಳ್ಳಿಕೊಂಡು ಹೋಗುತ್ತಿದ್ದ. ಊರ ಧ್ವನಿವರ್ಧಕದಲ್ಲಿ ಸಂಜೆ ಐದಕ್ಕೆ ಬರುವ ಹಾಡಿನ ದನಿ ತಗ್ಗಿಸಬಹುದೇ ಎಂದು ಶೋಸಾಕು ಊರ ಹಿರಿಯನನ್ನು ಕೇಳಿದ. ಹಿರಿಯ ತಗ್ಗಿಸಿಯೂ ಬಿಟ್ಟ. ಪರಿಣಾಮವಾಗಿ ಹೊಲದಲ್ಲಿದ್ದವರಿಗೆ ಐದು ಗಂಟೆಯಾದದ್ದು ತಿಳಿಯದೆ ಊರಿನ ಅರ್ಧ ಜನ ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಯಾರೂ ದೂರಲಿಲ್ಲ. ಬೀಜಗಳು ಮಲಗಿವೆಯಲ್ಲ!

ಎರಡನೆಯ ಚಳಿಗಾಲದ ಹಿಮ ಕರಗಿತು. ಏಪ್ರಿಲ್ ಕೊನೆಗೆ ಶೋಸಾಕು, ಏಳುವ ಹೊತ್ತಿಗೆ ಬೀಜಗಳಿಗೆ ಚಳಿಯಾಗದಿರಲಿ ಎಂದು, ಗಿರಣಿಯಿಂದ ಸೋಬಾ ಹೊಟ್ಟು ತಂದು ಮಡಿಗೆ ಹೊದೆಸಿದ. ಸೋಬಾ ಎಂದರೆ ನಾವು ಶ್ಯಾವಿಗೆ ಮಾಡಿ ದಿನವೂ ಉಣ್ಣುವ ಧಾನ್ಯ. ಅದರ ಹೊಟ್ಟನ್ನು ದಿಂಬಿಗೆ ತುಂಬುತ್ತೇವೆ. ಮಲಗಿದವರಿಗೆ ಅದೇ ಯೋಗ್ಯ ಎಂದು ಅವನ ತರ್ಕ. ಹೊಟ್ಟಿನಲ್ಲಿ ಒಡೆಯದ ಕಾಳೂ ಉಳಿದಿರುತ್ತದೆ ಎಂಬುದು ಗಿರಣಿಯವನಿಗೆ ಗೊತ್ತು, ನನಗೆ ಗೊತ್ತು, ಬೀದಿಯ ಗುಬ್ಬಚ್ಚಿಗೂ ಗೊತ್ತು.

ಮೇ ಮೊದಲ ವಾರ ಮಡಿಯಲ್ಲಿ ಎರಡು ಬಗೆಯ ಮೊಳಕೆ ಎದ್ದವು. ಒಂದು, ಹೃದಯದ ಆಕಾರದ ಎಲೆ, ಕೆಂಪು ಕಾಂಡ. ಇನ್ನೊಂದು ವಿಚಿತ್ರ: ಕೂಸಿನ ಅಂಗೈ ಬಿಡಿಸಿದ ಹಾಗೆ ಬೆರಳು ಬೆರಳಾದ ಪುಟ್ಟ ಎಲೆ. ಶೋಸಾಕು ಪುಸ್ತಕ ತೆಗೆದ. ಶಿನಾ ಎಲೆ ಹೃದಯಾಕಾರ, ಎಳೆಯ ರೆಂಬೆ ಕೆಂಪು ಎಂದಿತ್ತು. ಬೀಜದಿಂದ ಬಂದ ಮೊದಲ ಎಲೆ ಹೇಗಿರುತ್ತದೆ ಎಂಬುದು ಅದರ ಮುಂದಿನ ಪುಟದಲ್ಲಿತ್ತು.

ಅವನು ಆ ಪುಟ ತಿರುಗಿಸಲಿಲ್ಲ. ಅಂಚೆ ಕಚೇರಿಯ ಕಾಲದ ಚಿಮಟ ತೆಗೆದು, ದಿನಾ ಬೆಳಗ್ಗೆ ಮಡಿಯ ಪಕ್ಕ ಮಂಡಿಯೂರಿ, ಅಂಗೈ ಎಲೆಯ "ಕಳೆ"ಯನ್ನೆಲ್ಲ ಒಂದೊಂದಾಗಿ ಎತ್ತಿ ಬೇಲಿಯಾಚೆ ಇಟ್ಟ. ಬೇಲಿಯಾಚೆ ಎಂದರೆ ನನ್ನ ಅಂಗಳ. ಆ ರಾಶಿಯನ್ನು ಗುಡಿಸುವಾಗ ನಾನು ಗಮನಿಸಿದ್ದೆ: ಕೂದಲಿಗಿಂತ ಸಣ್ಣ ಬೇರು ಕೂಡ ತುಂಡಾಗಿರಲಿಲ್ಲ. ಅಷ್ಟು ನಾಜೂಕಾಗಿ ಅಷ್ಟು ದೊಡ್ಡ ಪೆದ್ದು ಕೆಲಸ ಮಾಡಿದವರನ್ನು ನಾನು ಕಂಡದ್ದಿಲ್ಲ.

ಮಡಿಯಲ್ಲಿ ಸೊಂಪಾಗಿ ಬೆಳೆಯುತ್ತಿರುವುದು ಸೋಬಾ ಎಂಬುದು ಊರಿಗೆಲ್ಲ ಮೊದಲ ವಾರವೇ ತಿಳಿಯಿತು. ಶೋಸಾಕುವಿಗೆ ತಿಳಿಯದಿದ್ದುದು ಏಕೆಂದರೆ, ಸೋಬಾ ಬಟ್ಟಲಿಗೆ ಬಂದು, ಮೇಲೆ ಈರುಳ್ಳಿ ಸೊಪ್ಪು ಉದುರಿಸಿದ ಮೇಲೆಯೇ ಅವನಿಗೆ ಗುರುತು ಸಿಗುತ್ತಿದ್ದದ್ದು.

ಒಬ್ಬರಾದರೂ ಹೇಳಬಹುದಿತ್ತು. ಗೆಂಝೊ ಬೇಲಿ ಹತ್ತಿರ ನಿಂತ. "ಅಣ್ಣಾ, ಏನ್ ಸೊಂಪಾಗಿ ಬಂದಿದೆ!"

"ಹೌದಾ? ಶಿನಾ ಇಷ್ಟು ಬೇಗ ಏಳೋದನ್ನ ಎಲ್ಲಾದ್ರೂ ನೋಡಿದ್ಯಾ?"

"ಇಲ್ಲಪ್ಪ, ಸುಳ್ಳು ಯಾಕೆ ಹೇಳ್ಲಿ, ಎಲ್ಲೂ ನೋಡಿಲ್ಲ," ಎಂದು ಗೆಂಝೊ ಸತ್ಯವನ್ನೇ ಹೇಳಿ ಹೊರಟುಹೋದ.

ಹೆಂಡತಿ ತಮಿಯನ್ನು ನಾನೇ ಕೇಳಿದೆ, "ನೀನಾದ್ರೂ ಹೇಳ್ಬಾರದೇನೇ?"

"ಅಕ್ಕಾ, ಮೂವತ್ತೆಂಟು ವರ್ಷ ಬೆಳಗ್ಗೆ ಹೋಗಿ ಸಂಜೆ ಬರ್ತಿದ್ರು. ಈಗ ದಿನವಿಡೀ ಮನೇಲಿ. ಆ ಮಡಿ ಇರೋದ್ರಿಂದ ಅಂಗಳದಲ್ಲಿರ್ತಾರೆ. ಸೋಬಾ ಅಂದ್ಬಿಟ್ರೆ ಒಳಗೆ ಬರ್ತಾರೆ," ಎಂದಳು ತಮಿ.

ಜೂನ್ ಎರಡನೆಯ ವಾರ ಗಿಡಗಳು ಬಿಳಿ ಹೂ ಬಿಟ್ಟವು. ಜೇನು ಮುತ್ತಿತು. ಶೋಸಾಕು ಪುಸ್ತಕ ನೋಡಿದ. ಶಿನಾ ಹೂವಿಗೆ ಜೇನು ಮುತ್ತುತ್ತದೆ, ಸರಿ. ಬೀಜದಿಂದ ಬೆಳೆದ ಮರ ಹೂ ಬಿಡಲು ಇಪ್ಪತ್ತು ವರ್ಷ ಬೇಕು, ಇದೂ ಇತ್ತು. ಸಾಮಾನ್ಯ ಬುದ್ಧಿಯವನು ಇಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಶೋಸಾಕು ಮಾತ್ರ, ಲೋಕದಲ್ಲಿ ಮೊದಲ ಬಾರಿಗೆ ನಲವತ್ತು ದಿನಕ್ಕೆ ಶಿನಾ ಹೂ ಅರಳಿಸಿದವನು ತಾನೇ ಎಂಬ ತೀರ್ಮಾನಕ್ಕೆ ಬಂದ. ಅಂದೇ ಜಿಲ್ಲೆಯ ಅರಣ್ಯ ಇಲಾಖೆಗೆ ಕಾಗದ ಬರೆದ. ಅಂಚೆಯಲ್ಲಿ ಹೋದ ಕಾಗದ ತಲುಪದಿರಲಿ ಎಂದು ಊರೆಲ್ಲ ಪ್ರಾರ್ಥಿಸಿತು. ಅಂಚೆಯವನಲ್ಲವೇ, ಪಿನ್‌ಕೋಡ್ ಸರಿಯಾಗಿ ಬರೆದಿದ್ದ. ಹತ್ತೊಂಬತ್ತನೆಯ ತಾರೀಕು ಪರಿಶೀಲನೆಗೆ ಬರುತ್ತೇವೆ ಎಂದು ಉತ್ತರ ಬಂತು.

ಊರ ಹಿರಿಯ ನೇಯ್ಗೆ ಮನೆಯಲ್ಲಿ ತುರ್ತು ಸಭೆ ಕರೆದ. ವಿಷಯ: ಇಪ್ಪತ್ತೊಂದಕ್ಕೆ ಗುಡ್ಡ ಹತ್ತುವ ದಿನ. ಮೂರನೆಯ ಮಳೆಗಾಲ. ಈ ಸಲವೂ ತೋಗಾಶಿ ಮನೆಯಿಂದ ಯಾರೂ ಬಾರದಿದ್ದರೆ ಪಾಲು ಹೋಯಿತು. ಅಧಿಕಾರಿಯ ಮುಂದೆ ಮರ್ಯಾದೆಯೂ ಹೋದರೆ ಆ ಮನುಷ್ಯನಿಗೆ ಉಳಿಯುವುದೇನು? ಆದ್ದರಿಂದ ಯಾರಾದರೂ ಮೊದಲೇ ಹೋಗಿ, ಮೆಲ್ಲಗೆ, ಅದು ಸೋಬಾ ಎಂದು ಹೇಳಬೇಕು.

"ಹಿರಿಯರು ತಾವೇ ಹೇಳಿದ್ರೆ ತೂಕ ಇರುತ್ತೆ," ಎಂದ ಗೆಂಝೊ.

"ಗೆಳೆಯ ಹೇಳಿದ್ರೆ ನೋವಾಗಲ್ಲ," ಎಂದ ಹಿರಿಯ.

"ನಾನೆಂಥ ಗೆಳೆಯ, ಬರೀ ಪರಿಚಯ."

ನಲವತ್ತು ವರ್ಷದ ಗೆಳೆತನ ಹೀಗೆ ಅರ್ಧ ನಿಮಿಷದಲ್ಲಿ ಪರಿಚಯಕ್ಕೆ ಇಳಿಯಿತು. ಕೊನೆಗೆ ಚೀಟಿ ಎತ್ತಿದರು. ಚೀಟಿ ನನಗೆ ಬಂತು.

ಮರುದಿನ ಬೆಳಗ್ಗೆ ಹೋದೆ. ಶೋಸಾಕು ನನಗೆ ಮೆತ್ತೆ ಹಾಕಿ ಚಹಾ ತಂದ. "ಅಕ್ಕಾ, ನೀವು ಓದಿದೋರು, ನಿಜ ಹೇಳಿ. ಹೇಗಿದೆ?" ಎಂದ. ನಾನು ಬಾಯಿ ತೆರೆದೆ. ಆಗ ನೆನಪಾಯಿತು: ನನ್ನ ಗಂಡ ಹೋದ ಮೇಲಿನ ಹನ್ನೊಂದು ಚಳಿಗಾಲವೂ, ನಾನು ಏಳುವ ಮೊದಲೇ ನನ್ನ ಬಾಗಿಲಿನಿಂದ ರಸ್ತೆಯವರೆಗೆ ಯಾರೋ ಹಿಮ ಎತ್ತಿ ದಾರಿ ಮಾಡಿರುತ್ತಾರೆ. ತನ್ನ ಬಾಗಿಲಿನ ಹಿಮ ಎತ್ತುವ ಮೊದಲೇ ಶೋಸಾಕು ನನ್ನ ಬಾಗಿಲಿಗೆ ಬರುತ್ತಿದ್ದ. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಬೇರೆ ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಮನುಷ್ಯ.

"ಹೂ ತುಂಬಾ ಚೆನ್ನಾಗಿದೆ," ಎಂದೆ.

ನೇಯ್ಗೆ ಮನೆಯಲ್ಲಿ ಕಾದಿದ್ದವರು "ಹೇಳಿದ್ರಾ?" ಎಂದರು. "ಸೂಚ್ಯವಾಗಿ," ಎಂದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಕಾಲೇಜು ಓದಿದ್ದಕ್ಕೆ ನನಗೆ ದಕ್ಕಿದ ಫಲ ಈ ಒಂದು ಪದ.

ಹತ್ತೊಂಬತ್ತಕ್ಕೆ ಇಲಾಖೆಯ ಜೀಪು ಬಂತು. ಇಳಿದವಳು ಮೂವತ್ತರ ಒಳಗಿನ ಹೆಣ್ಣುಮಗಳು, ಹೆಸರು ಕಾನ್ನೊ, ಮೊಣಕಾಲುದ್ದ ರಬ್ಬರ್ ಬೂಟು. ಶೋಸಾಕು ಮಗಳ ಮದುವೆಗೆ ಹೊಲಿಸಿದ್ದ ಕಪ್ಪು ಸೂಟು ಹಾಕಿದ್ದ. ಊರವರೆಲ್ಲ ಬೇಲಿಗುಂಟ ಸಾಲಾಗಿ ನಿಂತಿದ್ದೆವು, ಶವಯಾತ್ರೆಗೆ ನಿಂತ ಹಾಗೆ. ಕಿನು ಅಜ್ಜಿ ಜಗಲಿಯಲ್ಲಿ ಮೆತ್ತೆಯ ಮೇಲೆ ಕೂತಿದ್ದಳು.

ಕಾನ್ನೊ ಮಡಿಯ ಮುಂದೆ ಕೂತಳು. ಎಲೆ ಮುಟ್ಟಿದಳು, ಹೂ ನೋಡಿದಳು. ಶೋಸಾಕುವಿನ ಸೂಟು ನೋಡಿದಳು. ಮತ್ತೆ ಹೂ ನೋಡಿದಳು.

"ತುಂಬಾ... ತುಂಬಾ ಆರೋಗ್ಯವಾಗಿವೆ ಸಾರ್," ಎಂದಳು.

ಇಲಾಖೆಯಲ್ಲಿಯೂ ನಮ್ಮಂಥವರೇ ಇದ್ದಾರೆ ಎಂದು ನನಗೆ ಆಗ ತಿಳಿಯಿತು. ಬೇಲಿಗುಂಟ ಎಲ್ಲರ ಹೆಗಲೂ ಒಂದೇ ಸಲ ಇಳಿದವು. ಇನ್ನೇನು, ಆಕೆ ಜೀಪು ಹತ್ತುತ್ತಾಳೆ, ಶ್ಲಾಘನೆಯ ಕಾಗದ ಬರುತ್ತದೆ, ಅದನ್ನು ತೋರಿಸಿ ಕತ್ತಿ ಪಡೆದು ಶೋಸಾಕು ಗುಡ್ಡ ಹತ್ತುತ್ತಾನೆ, ಇನ್ನೊಂದು ಅರಗಿನ ಮರ ಕಡಿಯುತ್ತಾನೆ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಶೋಸಾಕುವಿನ ಕಣ್ಣು ಆಕೆಯ ಮೊಣಕಾಲ ಬಳಿ ಬಿತ್ತು. ಸೋಬಾ ನೆರಳಿನಲ್ಲಿ ಅಡಗಿ ಒಂದು ಅಂಗೈ ಎಲೆಯ ಗಿಡ ಉಳಿದುಬಿಟ್ಟಿತ್ತು. ಎರಡು ಅಂಗೈಗಳ ನಡುವೆ ಒಂದು ಪುಟ್ಟ ಹೃದಯಾಕಾರದ ಎಲೆಯೂ ಮೂಡಿತ್ತು. ಸರ್ಕಾರದ ಎದುರಿಗೇ ಕಳೆ! ಶೋಸಾಕುವಿನ ಕಿವಿ ಕೆಂಪಾಯಿತು.

"ಕ್ಷಮಿಸ್ಬೇಕು ಮೇಡಂ, ಇದೊಂದು ಕಣ್ತಪ್ಪಿ ಉಳಿದುಬಿಟ್ಟಿದೆ," ಎಂದವನೇ ಚಿಮಟ ಹಾಕಿ ಎತ್ತಿಬಿಟ್ಟ.

"ಅಯ್ಯಯ್ಯೋ! ಅದೇ! ಅದೇ ಶಿನಾ!" ಕಾನ್ನೊ ಕಿರುಚಿದಳು. ತಕ್ಷಣ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

ಚಿಮಟದ ತುದಿಯಲ್ಲಿ ಲೋಕದ ಏಕೈಕ ಶೋಸಾಕು ಶಿನಾ ತೂಗುತ್ತಿತ್ತು.

"ಹಾಗಾದ್ರೆ ಇವೆಲ್ಲ?" ಎಂದ ಶೋಸಾಕು, ಮಡಿಯ ಕಡೆ ಕೈ ತೋರಿಸಿ.

ಹಿರಿಯ ಆಕಾಶ ನೋಡಿ, ಮಳೆ ಬರೋ ಹಾಗಿದೆ ಎಂದ. ಗೆಂಝೊ ತನ್ನ ಬೂಟಿನ ಕೆಸರು ನೋಡಿಕೊಂಡ.

"ಸೋಬಾ," ಎಂದಳು ಜಗಲಿಯಿಂದ ಕಿನು ಅಜ್ಜಿ. "ಊರಿಗೆಲ್ಲ ಗೊತ್ತು. ಆ ಗಿಡ ಇಲ್ಲಿ ತನ್ನಿ ಅಳಿಯಂದ್ರೇ."

ಶೋಸಾಕು ತಂದ. ಸೂಟಿನೊಳಗೆ ಮನುಷ್ಯ ಎರಡು ಅಳತೆ ಕುಗ್ಗಿದ್ದ. ಅಜ್ಜಿ ಗಿಡವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಹತ್ತಿರ ಹಿಡಿದು ಬೇರು ನೋಡಿದಳು. ತುದಿಯವರೆಗೆ ನೋಡಿದಳು.

"ಇಂಥವು ಎಷ್ಟು ಕಿತ್ರಿ?"

"ದಿನಾ ಬೆಳಗ್ಗೆ... ಬಂದವನ್ನೆಲ್ಲ."

"ಒಂದಾದ್ರೂ ಬೇರು ಹರೀತಾ?"

"ಇಲ್ಲ ಅತ್ತೆ," ಎಂದ ಶೋಸಾಕು. ಅಂಥ ಗಳಿಗೆಯಲ್ಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಆ ಹೆಮ್ಮೆ ಅವನನ್ನು ಸುಡುಗಾಡಿನವರೆಗೂ ಬಿಡುವುದಿಲ್ಲ.

"ಹೌದು, ನನ್ನ ಅಂಗಳದಲ್ಲಿ ರಾಶಿ ಬಿದ್ದಿತ್ತು, ಒಂದೂ ಹರಿದಿರ್ಲಿಲ್ಲ," ಎಂದೆ ನಾನು. ವರ್ಷದಲ್ಲಿ ಮೊದಲ ಬಾರಿಗೆ ಆ ಮಡಿಯ ಬಗ್ಗೆ ಪ್ರಯೋಜನಕ್ಕೆ ಬರುವ ಮಾತಾಡಿದ್ದೆ.

ಅಜ್ಜಿ ಗಿಡವನ್ನು ಕಾನ್ನೊ ಕೈಗೆ ಕೊಟ್ಟು, "ಮಗಳೇ, ಇದನ್ನ ಎಲ್ಲಾದ್ರೂ ನೆಡು, ಇವರ ಕೈಗೆ ಸಿಗದ ಕಡೆ," ಎಂದಳು. ಕಾನ್ನೊ ತನ್ನ ಕರವಸ್ತ್ರ ಒದ್ದೆ ಮಾಡಿ, ಅದರಲ್ಲಿ ಗಿಡವನ್ನು ಸುತ್ತಿಕೊಂಡಳು. ಆ ಮೇಲೆ ಅಜ್ಜಿ ಗೆಂಝೊ ಕಡೆ ತಿರುಗಿದಳು.

"ಗೆಂಝೊ, ನಾಡಿದ್ದು ನಮ್ಮ ಪಾಲಿನ ಮರ ತೋರ್ಸೋದು ನೀನು, ಕಡಿಯೋದು ನೀನು. ಕತ್ತಿ ನಿನ್ನ ಹತ್ರಾನೇ ಇರ್ಲಿ, ಇವರ ಕೈಗೆ ಅಪ್ಪಿತಪ್ಪಿಯೂ ಕೊಡ್ಬೇಡ. ಮರ ಬಿದ್ದ ಮೇಲೆ ಸುಲಿಯೋದಕ್ಕೆ ಮಾತ್ರ ಇವರನ್ನ ಬಿಡು. ಮನೆಯಿಂದ ಒಬ್ಬರು ಗುಡ್ಡ ಹತ್ತಿದ ಹಾಗೂ ಆಯ್ತು." ನಂತರ ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಲವತ್ತು ವರ್ಷದಿಂದ ಯೋಚನೆ ಮಾಡ್ತಿದ್ದೆ, ದೇವರು ಇವರಿಗೆ ಈ ಕೈ ಯಾಕೆ ಕೊಟ್ಟ ಅಂತ."

ಇಪ್ಪತ್ತೊಂದಕ್ಕೆ ಸಣ್ಣ ಮಳೆ. ಬುತ್ತಿ ಹೊತ್ತು ನಾನೂ ತಮಿಯೂ ಗುಡ್ಡಕ್ಕೆ ಹೋಗಿದ್ದೆವು. ಗೆಂಝೊ ಮರ ಕಡಿದು ಕೆಡವಿದ. ಶೋಸಾಕು ಬುಡದ ಹತ್ತಿರ ಮಂಡಿಯೂರಿ, ತೊಗಟೆಯ ಅಂಚಿಗೆ ಬೆರಳು ತೂರಿಸಿ, ಮಾತಿಲ್ಲದೆ ಎಳೆಯತೊಡಗಿದ. ಹಸಿ ತೊಗಟೆ ಬುಡದಿಂದ ತುದಿಯವರೆಗೆ, ಒಂದೇ ಪಟ್ಟಿಯಾಗಿ, ಎಲ್ಲಿಯೂ ಸೀಳದೆ, ಮಲಗಿದ ಮಗುವಿನ ಅಂಗಿ ಬಿಚ್ಚಿದ ಹಾಗೆ ಕಳಚಿ ಬಂತು. ಅಂಥ ಪಟ್ಟಿ ಬರಲು ನಮ್ಮೂರಿನ ಗಂಡಸರಿಗೆ ಹತ್ತು ವರ್ಷದ ಅಭ್ಯಾಸ ಬೇಕು. ಗೆಂಝೊ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. ಹಿರಿಯ ಕಣ್ಣು ಪಿಳುಕಿಸಿದ. ತಮಿ ಬರಿಗೈಯಿಂದಲೇ ಮುಖ ಒರೆಸಿಕೊಂಡಳು. ಮಳೆಯಿತ್ತು, ಆದ್ದರಿಂದ ನಾನು ಏನೂ ಕೇಳಲಿಲ್ಲ.

ಶೋಸಾಕು ಎದ್ದು ನಿಂತ. ಸೊಂಟದ ಮೇಲೆ ಕೈಯಿಟ್ಟ. ಗಂಟಲು ಸರಿಮಾಡಿಕೊಂಡ.

"ಇದ್ರಲ್ಲಿ ಒಂದು ಸೂಕ್ಷ್ಮ ಇದೆ, ಎಲ್ರೂ ಸ್ವಲ್ಪ ಹತ್ರ ಬನ್ನಿ. ಮೊದಲನೇದಾಗಿ ತೊಗಟೆ ಅಂದ್ರೇನು ಅಂತ ತಿಳ್ಕೋಬೇಕು..."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಲೆಮಾರುಗಳಿಂದ ಯಾರ ಮುಖದೆದುರೂ ನಿಜ ಹೇಳಿ ಅಭ್ಯಾಸವಿಲ್ಲದ ಊರು ನಮ್ಮದು. ಗೆಂಝೊ ಟೊಪ್ಪಿಯನ್ನು ತಿರುಗಿ ತಲೆಗೆ ಹಾಕಿಕೊಂಡ.

"ಅಣ್ಣಾ," ಎಂದ, "ಬಾಯಿ ಮುಚ್ಕೊಂಡು ಇನ್ನೊಂದು ಸುಲಿ."